ಕಟ್ಟು ಮತ್ತು ಋಣ: ಕಾಕ್ಕನಾಡಿನ ಎರಡು ಚಿತ್ರಗಳ ನೆಪದಲ್ಲಿ ದೈವಕಥನದ ಆಧುನಿಕ ಪಾತ್ರಗಳು

ಎರ್ನಾಕುಳಂ ಜಿಲ್ಲಾಡಳಿತದ ಕೇಂದ್ರವಾಗಿರುವ ಕಾಕ್ಕನಾಡ್ ಹೊರನಾಡಿನ ವಾಚಕರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ಮಾಹಿತಿ ತಂತ್ರಜ್ಞಾನದ ಊರಾಗಿ. 2004ರಲ್ಲಿ ಇಲ್ಲಿ ಇನ್ಫೋಪಾರ್ಕ್ ಆರಂಭವಾದ ಮೇಲೆ ಗುಡ್ಡಗಳ ಮೇಲೆ ಗಾಜಿನ ಕಟ್ಟಡಗಳೆದ್ದಿವೆ. ಪುರಾಣ ಮತ್ತು ಜಾನಪದದ ಅಭ್ಯಾಸಿಗಳಿಗಾದರೋ ಈ ಊರಿನ ಮಹತ್ವ ಬೇರೆ. ನೆರೆಯ ತೃಕ್ಕಾಕ್ಕರದಲ್ಲಿ ವಾಮನಮೂರ್ತಿಯ ದೇವಾಲಯವಿದೆ; ಬಲಿಯನ್ನು ವಾಮನನು ಪಾತಾಳಕ್ಕೆ ತುಳಿದುದು ಇಲ್ಲಿಯೇ ಎಂಬುದು ಸ್ಥಳೈತಿಹ್ಯ. ಕೇರಳದ ಓಣಂ ಹಬ್ಬಕ್ಕೂ ತುಳುನಾಡಿನ ದೀಪಾವಳಿಯಲ್ಲಿ ಬಲೀಂದ್ರನನ್ನು ಕರೆಯುವ ಆಚರಣೆಗೂ ಇರುವ ನಂಟನ್ನು ವಿದ್ವಾಂಸರು ಈಗಾಗಲೇ ಚರ್ಚಿಸಿದ್ದಾರೆ. ಈ ಲೇಖನದ ವಸ್ತು ಅದಲ್ಲ. ಅದೇ ಪರಿಸರದಲ್ಲಿರುವ, ಅಷ್ಟು ಹಳೆಯದಲ್ಲದ ಇನ್ನೊಂದು ಸ್ಥಳದಿಂದ ನಾವು ಆರಂಭಿಸಬಯಸುತ್ತೇವೆ. ಅದು ಕಾಕ್ಕನಾಡಿನ ನವೋದಯ ಸ್ಟುಡಿಯೋ.

ಈ ಸ್ಟುಡಿಯೋದಲ್ಲಿ ನಾಲ್ಕು ದಶಕಗಳ ಅಂತರದಲ್ಲಿ ರೂಪುಗೊಂಡ ಎರಡು ಚಿತ್ರಗಳು ನಮ್ಮ ಗಮನವನ್ನು ಸೆಳೆಯುತ್ತವೆ. ಮೊದಲನೆಯದು 1984ರ ಆಗಸ್ಟ್‌ನಲ್ಲಿ ತೆರೆಕಂಡ 'ಮೈ ಡಿಯರ್ ಕುಟ್ಟಿಚಾತ್ತನ್'. ನವೋದಯ ಅಪ್ಪಚ್ಚನ್ ಅವರ ನಿರ್ಮಾಣ, ಜಿಜೋ ಪುನ್ನೂಸ್ ಅವರ ನಿರ್ದೇಶನ, ರಘುನಾಥ್ ಪಲೇರಿಯವರ ಚಿತ್ರಕಥೆ. ಭಾರತದ ಮೊತ್ತಮೊದಲ ತ್ರಿವಿಮಿತೀಯ ಚಿತ್ರವೆಂದು ಇದು ಪ್ರಸಿದ್ಧವಾಗಿದೆ. ಎರಡನೆಯದು 2024ರ ಡಿಸೆಂಬರ್ 25ರಂದು ತೆರೆಕಂಡ 'ಬರೋಸ್'. ಇದಕ್ಕೂ ಮೂಲಕಥೆ ಜಿಜೋ ಪುನ್ನೂಸ್ ಅವರದೇ; ನಟ ಮೋಹನ್‌ಲಾಲ್ ಅವರು ನಿರ್ದೇಶಿಸಿದ ಮೊದಲ ಚಿತ್ರವಿದು. ಒಂದರಲ್ಲಿ ಮಾಂತ್ರಿಕನಿಗೆ ಆಳಾಗಿರುವ ಕುಟ್ಟಿಚಾತ್ತನ್, ಇನ್ನೊಂದರಲ್ಲಿ ವಾಸ್ಕೋ ಡ ಗಾಮನ ನಿಧಿಯನ್ನು ನಾಲ್ಕುನೂರು ವರ್ಷಗಳಿಂದ ಕಾಯುತ್ತಿರುವ ಭೂತ. ಎರಡೂ ಮಕ್ಕಳಿಗಾಗಿ ಮಾಡಿದ ಚಿತ್ರಗಳು. ಎರಡರಲ್ಲಿಯೂ ಒಂದು ದೈವವೋ ಭೂತವೋ ಕಟ್ಟಿಗೆ ಒಳಗಾಗಿದೆ. ಈ 'ಕಟ್ಟು' ಎಂಬ ಆಶಯ ಎಲ್ಲಿಂದ ಬಂದಿತು, ಆಚರಣೆಯಿಂದ ಕಥೆಗೂ ಕಥೆಯಿಂದ ಚಿತ್ರಕ್ಕೂ ಸಾಗುವ ಹಾದಿಯಲ್ಲಿ ಅದಕ್ಕೆ ಏನಾಯಿತು ಎಂಬುದೇ ನಮ್ಮ ಪ್ರಶ್ನೆ.

ಜಾನಪದ ವಿದ್ವಾಂಸರಲ್ಲಿ ಸಿನಿಮಾವನ್ನು ಮೂಲದ ವಿಕಾರವೆಂದು ಬದಿಗಿರಿಸುವ ಪದ್ಧತಿಯೊಂದಿದೆ. ನಾವು ಅದನ್ನು ಒಪ್ಪುವುದಿಲ್ಲ. ಪಾಡ್ದನಕ್ಕೆ ಪಾಠಾಂತರಗಳಿರುವಂತೆ ಚಿತ್ರವೂ ಒಂದು ಪಾಠವೇ. ಆದರೆ ಅದು ಯಾವ ಪಾಠದಿಂದ ಹುಟ್ಟಿದ ಪಾಠ ಎಂಬುದನ್ನು ಕೇಳದೆ ಬಿಡಲಾಗದು. ದೈವದ ಕಥೆಯನ್ನು ಆಳಿದವನ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಂಡರೆ ಒಂದು ರೂಪ. ದೈವವನ್ನು ಮೈಮೇಲೆ ಧರಿಸುವವನ ಬಾಯಿಂದ ಕೇಳಿದರೆ ಇನ್ನೊಂದು ರೂಪ. ಆಧುನಿಕ ಪಾತ್ರವು ಇವೆರಡರಲ್ಲಿ ಯಾವುದರ ಸಂತಾನವೋ ಅದರ ಗುಣವನ್ನೇ ಪಡೆದಿರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕುಟ್ಟಿಚಾತ್ತನನ್ನು ನೋಡೋಣ. ಕಣ್ಣೂರು ಮತ್ತು ಕಾಸರಗೋಡು ಜಿಲ್ಲೆಗಳ ತೆಯ್ಯಂ ಪರಂಪರೆಯಲ್ಲಿ ಈ ದೈವದ ಹುಟ್ಟನ್ನು ಕಾಳಕಾಟ್ಟು ಇಲ್ಲದೊಂದಿಗೆ ಜೋಡಿಸಿ ಹೇಳುತ್ತಾರೆ. ('ಇಲ್ಲ'ವೆಂದರೆ ನಂಬೂದಿರಿಗಳ ಮನೆ, ಕನ್ನಡ ವಾಚಕರು ನಿಷೇಧಾರ್ಥವೆಂದು ತಿಳಿಯಬಾರದು.) ಶಿವ ಪಾರ್ವತಿಯರು ಕೆಳಜಾತಿಯ ವೇಷದಲ್ಲಿದ್ದಾಗ ಹುಟ್ಟಿದ ಮಗು ಮಕ್ಕಳಿಲ್ಲದ ನಂಬೂದಿರಿಯ ಮನೆಯನ್ನು ಸೇರುತ್ತದೆ. ಬ್ರಾಹ್ಮಣಾಚಾರ ಆ ಹುಡುಗನಿಗೆ ಒಗ್ಗುವುದಿಲ್ಲ. ಹೊಡೆದ ಗುರುವನ್ನು ಅವನು ಕೊಲ್ಲುತ್ತಾನೆ. ಎತ್ತನ್ನು ಕೊಂದು ನೆತ್ತರು ಕುಡಿಯುತ್ತಾನೆ. ಸಾಕುತಂದೆಯು ಅವನನ್ನು ಕಡಿದು ತುಂಡುಗಳನ್ನು ಹೋಮಕುಂಡಕ್ಕೆ ಹಾಕಿಸುತ್ತಾನೆ. ಒಂದೊಂದು ತುಂಡಿನಿಂದಲೂ ಒಬ್ಬೊಬ್ಬ ಚಾತ್ತನ್ ಎದ್ದು ಬಂದು ಇಲ್ಲಕ್ಕೆ ಬೆಂಕಿಯಿಡುತ್ತಾನೆ. ಕೊನೆಗೆ ಅವನಿಗೆ ಸ್ಥಾನವನ್ನೂ ಕೋಲವನ್ನೂ ಕೊಟ್ಟು ಶಾಂತಗೊಳಿಸಬೇಕಾಗುತ್ತದೆ. ಇಲ್ಲಿ ಚಾತ್ತನ್ ಯಾರ ಆಳೂ ಅಲ್ಲ. ಮನೆಗೆ ಸೇರಿಸಿಕೊಂಡು ಮಗನೆಂದು ಒಪ್ಪದೆ ಕೊಂದವರ ಮೇಲೆ ಅವನಿಗೆ ಬರಬೇಕಾದ ಬಾಕಿಯಿದೆ. ತೆಯ್ಯಂ ಎಂದರೆ ಆ ಬಾಕಿಯನ್ನು ವರ್ಷವರ್ಷವೂ ಒಪ್ಪಿಕೊಳ್ಳುವ ವಿಧಿ. ಇದನ್ನು ಋಣವೆಂದು ಕರೆಯಲು ನಾವು ಹಿಂಜರಿಯುವುದಿಲ್ಲ.

ಚಂದ್ರಗಿರಿ ಹೊಳೆಯ ಎರಡು ದಂಡೆಗಳಲ್ಲಿಯೂ ಈ ಹೆಸರು ಪ್ರಚಾರದಲ್ಲಿದೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಾಡಿನ ಮೇಲೆ ಕಲ್ಲು ಬಿದ್ದರೆ, ಒಣಹಾಕಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿದರೆ, ಅನ್ನದಲ್ಲಿ ಹೊಲಸು ಕಂಡರೆ 'ಕುಟ್ಟಿಚಾತನ ಉಪದ್ರ' ಎಂದು ಹೇಳುವ ರೂಢಿಯಿತ್ತು. ಇಂಥ ಉಪದ್ರಗಳನ್ನು ಎಡ್ಗರ್ ಥರ್ಸ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ದಾಖಲಿಸಿದ್ದಾನೆ. ಗಮನಿಸಬೇಕಾದ ಅಂಶವೆಂದರೆ, ಉಪದ್ರದ ಹಿಂದೆ ಸದಾ ಒಬ್ಬ ಮಂತ್ರವಾದಿಯನ್ನು ಜನರು ಊಹಿಸುತ್ತಾರೆ. ಚಾತ್ತನ್ ತಾನಾಗಿ ಬಂದವನಲ್ಲ, ಯಾರೋ ಕಳುಹಿಸಿದವನು. ಮಗನು ಆಳಾದುದು ಇಲ್ಲಿ.

ಈ ಆಳಿನ ರೂಪಕ್ಕೆ ಅಚ್ಚಿನ ಸ್ಥಿರತೆಯನ್ನು ಕೊಟ್ಟ ಗ್ರಂಥ ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲೆ'. ಶಂಕುಣ್ಣಿಯವರು (1855-1937) ಕೋಟ್ಟಯಂನವರು. 1909ರಿಂದ 1934ರವರೆಗೆ ಎಂಟು ಭಾಗಗಳಲ್ಲಿ ಹೊರಬಂದ ಈ ಸಂಗ್ರಹವು ಮಲಯಾಳದ ಕಥನಪ್ರಪಂಚಕ್ಕೆ ಒದಗಿಸಿದ ಸಾಮಗ್ರಿ ಅಪಾರ. ಕಡಮಟ್ಟತ್ತು ಕತ್ತನಾರ್, ಕಾಯಂಕುಳಂ ಕೊಚ್ಚುಣ್ಣಿ ಮೊದಲಾದವರು ನಾಟಕಕ್ಕೂ ಚಿತ್ರಕ್ಕೂ ದೂರದರ್ಶನದ ಧಾರಾವಾಹಿಗಳಿಗೂ ಬಂದುದು ಈ ಗ್ರಂಥದ ದಾರಿಯಿಂದ. ಅದರಲ್ಲಿ ಚಾತ್ತನ್‌ಗಳ ಕಥೆಯೂ ಇದೆ. ಅದು ಅವಣಙ್ಙಾಟ್ಟು ಪಣಿಕ್ಕರರ ಕಥೆಯಾಗಿದೆ. ಅಂದರೆ ಚಾತ್ತನ್‌ಗಳನ್ನು ವಶಪಡಿಸಿಕೊಂಡು ಸೇವೆ ಮಾಡಿಸಿಕೊಂಡ ಮನೆತನದ ಕಥೆ. ಶಂಕುಣ್ಣಿಯವರ ಶೈಲಿ ಸರಸ, ಸಂಗ್ರಹ ಅಮೂಲ್ಯ. ಆದರೆ ಆ ಬೃಹದ್ಗ್ರಂಥದ ಬಹುಪಾಲು ಕಥೆಗಳು ಇಲ್ಲಗಳಿಂದ, ಅರಮನೆಗಳಿಂದ, ವೈದ್ಯ-ಮಾಂತ್ರಿಕ ಮನೆತನಗಳಿಂದ ಹೊರಟವು ಎಂಬುದನ್ನು ಮರೆಯಲಾಗದು. ಮಲಯರು ಹಾಡುವ ತೋಟ್ಟಂಗೆ ಅಲ್ಲಿ ಸ್ಥಾನವಿಲ್ಲ.

1984ರ ಚಿತ್ರವು ಈ ಎರಡನೆಯ ವಂಶಕ್ಕೆ ಸೇರಿದುದು. ಕರಿಂಭೂತಂ ಎಂಬ ದುಷ್ಟ ಮಾಂತ್ರಿಕನ ಸೆರೆಯಲ್ಲಿರುವ ಕುಟ್ಟಿಚಾತ್ತನನ್ನು ಮಕ್ಕಳು ಬಿಡಿಸುತ್ತಾರೆ, ಗೆಳೆಯರಾಗುತ್ತಾರೆ. ಹಳೆಯ ದೈವದ ಮದ್ಯಪ್ರಿಯತೆ ಚಿತ್ರದಲ್ಲಿಯೂ ಉಳಿದಿದೆ. ಬಾಲಕಿಯ ತಂದೆ ಕುಡುಕನಾಗಿರುವುದರಿಂದ ಅದಕ್ಕೊಂದು ಕರುಣಾಜನಕ ತಿರುವೂ ದೊರೆತಿದೆ. ಮಕ್ಕಳು ಗೋಡೆಯ ಮೇಲೂ ಛಾವಣಿಯ ಮೇಲೂ ನಡೆದಾಡುವ ಹಾಡಿಗಾಗಿ ಒಂದು ಇಡೀ ಕೊಠಡಿಯನ್ನೇ ತಿರುಗುವಂತೆ ಕಟ್ಟಲಾಗಿತ್ತು. ಚಾತ್ತನ್ ಹಿಡಿದರೆ ಮನೆಯ ನೆಲೆ ತಪ್ಪುತ್ತದೆಂಬ ಹಳೆಯ ಭಯವನ್ನು ಮಕ್ಕಳ ಆಟವನ್ನಾಗಿ ಮಾರ್ಪಡಿಸಿದ ಕಲ್ಪನೆ ಅದು. ಬಹಳ ಸೊಗಸಾಗಿದೆಯೆಂದು ಒಪ್ಪಲೇಬೇಕು. ಚಿತ್ರವು ಕೇರಳದ ಹೊರಗೂ ಗೆದ್ದು, 1998ರಲ್ಲಿ 'ಛೋಟಾ ಚೇತನ್' ಎಂಬ ಹೆಸರಿನಿಂದ ಹಿಂದಿಯಲ್ಲಿ ಹೊಸ ರೂಪದಲ್ಲಿ ಬಂದಿತು. ಮಾಂತ್ರಿಕನಿಂದ ಬಿಡುಗಡೆಯಾಗುವ ಚಾತ್ತನ್ ಇಲ್ಲಿ ಮುಗ್ಧ ಬಾಲಕ. ಕಟ್ಟು ಉಳಿಯಿತು. ಕಟ್ಟಿದವನು ಖಳನಾದನು. ಆದರೆ ಹುಡುಗನನ್ನು ಕಡಿದ ಮನೆ ಯಾವುದು, ಏಕೆ ಕಡಿಯಿತು ಎಂಬ ಪ್ರಶ್ನೆ ಚಿತ್ರದಲ್ಲಿ ಹುಟ್ಟುವುದಕ್ಕೆ ಅವಕಾಶವೇ ಇಲ್ಲ. ಏಕೆಂದರೆ ಆ ಪ್ರಶ್ನೆ ಅದರ ಮೂಲಪಾಠದಲ್ಲಿಯೇ ಇರಲಿಲ್ಲ. ದೋಷವನ್ನು ಚಿತ್ರಕಾರರ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ಕಾಪ್ಪಿರಿ. ಕಾಕ್ಕನಾಡಿನಿಂದ ಪಶ್ಚಿಮಕ್ಕೆ ಹಿನ್ನೀರನ್ನು ದಾಟಿದರೆ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ ಸಿಗುತ್ತವೆ. ಪೋರ್ಚುಗೀಸರು 1503ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1663ರ ಜನವರಿಯಲ್ಲಿ ಊರು ಡಚ್ಚರ ಕೈಸೇರಿತು. ಈ ನಡುವಿನ ಕಾಲದಲ್ಲಿ ಆಫ್ರಿಕದ ಗುಲಾಮರನ್ನು ಪೋರ್ಚುಗೀಸರು ಕೊಚ್ಚಿಗೆ ತಂದಿದ್ದರೆಂಬುದು ಇತಿಹಾಸ. ಡಚ್ಚರು ಬರುತ್ತಾರೆಂಬ ಭಯದಿಂದ ಯಜಮಾನರು ತಮ್ಮ ಬಂಗಾರವನ್ನು ಮರದ ಬುಡದಲ್ಲಿ, ಗೋಡೆಯ ಒಳಗೆ ಹೂತು, ಕಾವಲಿಗಾಗಿ ಗುಲಾಮರನ್ನು ಕೊಂದು ಜೊತೆಯಲ್ಲಿಟ್ಟರು ಎಂಬುದು ಐತಿಹ್ಯ. ಹೀಗೆ ಸತ್ತವನೇ ಕಾಪ್ಪಿರಿ ಮುತ್ತಪ್ಪನ್. ಮಟ್ಟಾಂಚೇರಿಯ ಮಙ್ಙಾಟ್ಟುಮುಕ್ಕಿನಲ್ಲಿ ಅವನಿಗೊಂದು ಸಣ್ಣ ಗುಡಿಯಿದೆ. ಅಲ್ಲಿ ವಿಗ್ರಹವಿಲ್ಲ. ದೀಪವೋ ಮೇಣದ ಬತ್ತಿಯೋ ಹಚ್ಚುತ್ತಾರೆ. ಕಳ್ಳು, ಚುಟ್ಟಾ, ಪುಟ್ಟು, ಬೇಯಿಸಿದ ಮೊಟ್ಟೆ ಇಡುತ್ತಾರೆ. ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ರಾತ್ರಿ ಗೋಡೆಯ ಮೇಲೆ ಕುಳಿತು ಚುಟ್ಟಾ ಸೇದುವ ಕರಿಯ ಮುದುಕ, ಯಾರಿಗೂ ಕೇಡು ಮಾಡದವನು, ಕಳೆದುಹೋದುದನ್ನು ಹುಡುಕಿಕೊಡುವವನು: ಜನಮನದಲ್ಲಿ ಅವನ ಚಿತ್ರ ಇದು. 'ಕಾಪ್ಪಿರಿ' ಎಂಬುದಾದರೋ ಅವನ ಹೆಸರೇ ಅಲ್ಲ. ಅರಬ್ಬಿಯ 'ಕಾಫಿರ್' ಶಬ್ದ ಪೋರ್ಚುಗೀಸರ ಬಾಯಲ್ಲಿ ಆಫ್ರಿಕದ ಕರಿಯರನ್ನು ಸೂಚಿಸುವ ಹೀನಾರ್ಥಕ ಪದವಾಗಿ ಮಲಯಾಳಕ್ಕೆ ಬಂದುದು. 'ಮುತ್ತಪ್ಪನ್' ಎಂದರೆ ಮುತ್ತಜ್ಜ. ಬೈಗುಳಕ್ಕೆ ಬಂಧುವಾಚಕವನ್ನು ಸೇರಿಸಿ ಜನರು ಒಬ್ಬ ದೈವವನ್ನು ಮಾಡಿಕೊಂಡಿದ್ದಾರೆ.

ನಿಧಿಗೆ ಕಾವಲಾಗಿ ಮನುಷ್ಯನನ್ನು ಬಲಿಕೊಡುವ ಆಶಯ ಕನ್ನಡಕ್ಕೆ ಹೊಸದಲ್ಲ. ನಿಧಿಯನ್ನು ಕಾಯುವ ಸರ್ಪ, ಕೆರೆ ನಿಲ್ಲಲು ಕೊಟ್ಟ ಬಲಿ ಮೊದಲಾದವು ನಮಗೆ ಗೊತ್ತಿವೆ. ಕೊಚ್ಚಿಯ ಐತಿಹ್ಯದ ವಿಶೇಷವೆಂದರೆ ಅದರಲ್ಲಿ ಕಾಲವೂ ಇದೆ, ಯಜಮಾನರ ದೇಶವೂ ಇದೆ. ಹೂತಿಟ್ಟ ಶವಗಳಿಗೆ ಉತ್ಖನನದ ಸಾಕ್ಷ್ಯವನ್ನು ಕೇಳುವವರಿಗೆ ಇದು ಇತಿಹಾಸವಾಗಲಾರದು. ಗುಲಾಮರ ಬದುಕಿನ ಬಗ್ಗೆ ಊರು ಉಳಿಸಿಕೊಂಡ ನೆನಪೆಂದು ತೆಗೆದುಕೊಂಡರೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಬೇಕಿಲ್ಲ.

'ಬರೋಸ್' ಚಿತ್ರದ ಕಾವಲುಭೂತವನ್ನು ನೋಡಿದ ಕೊಚ್ಚಿಯವರಿಗೆ ಕಾಪ್ಪಿರಿಯ ನೆನಪಾಗದೆ ಇರದು. ಆದರೆ ಕಥೆಯ ನೆಲ ಗೋವಾಕ್ಕೆ ಹೋಗಿದೆ. ಕಾಯುವವನು ನಿಧಿಯನ್ನು ಯಾರಿಗೆ ಒಪ್ಪಿಸಬೇಕು? ಗಾಮನ ನಿಜವಾದ ವಂಶಸ್ಥರಿಗೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗುತ್ತದೆ. ಮಟ್ಟಾಂಚೇರಿಯ ಕಾಪ್ಪಿರಿ ಯಜಮಾನನ ವಾರಸುದಾರರಿಗಾಗಿ ಕಾಯುತ್ತಿಲ್ಲ. ಕಳ್ಳು ಮೊಟ್ಟೆಗಳನ್ನು ಇಟ್ಟ ನೆರೆಮನೆಯವರಿಗೆ ಅವನು ಕನಸಿನಲ್ಲಿ ನಿಧಿಯ ಜಾಗವನ್ನು ತೋರಿಸುತ್ತಾನೆಂಬ ನಂಬಿಕೆಯಿದೆ. ಚಿತ್ರದಲ್ಲಿ ಆಳಿನ ನಿಷ್ಠೆಯೇ ಅವನ ಬಿಡುಗಡೆಯ ದಾರಿಯಾಯಿತು. ಋಣವು ತಿರುವುಮುರುವಾಗಿದೆ: ಕೊಲ್ಲಿಸಿಕೊಂಡವನು ಕೊಂದವರ ಮನೆತನಕ್ಕೆ ಬಾಕಿದಾರನಾಗಿದ್ದಾನೆ. ಮಕ್ಕಳ ಕಥೆಯಲ್ಲಿ ಇಷ್ಟನ್ನು ಹುಡುಕುವುದು ಅತಿಯಾಯಿತೆಂದು ಕೆಲವರು ಹೇಳಬಹುದು. ಮಕ್ಕಳ ಕಥೆಯಾದುದರಿಂದಲೇ ಇದನ್ನು ಹುಡುಕಬೇಕಾಗಿದೆ. ಅವರಲ್ಲಿ ಅನೇಕರಿಗೆ ಕಾಪ್ಪಿರಿಯ ಮೊದಲ ಪರಿಚಯ ಇದೇ ಆಗಿರುತ್ತದೆ.

ಈ ಪ್ರಶ್ನೆಯನ್ನು ಕೊಚ್ಚಿಯ ಮಟ್ಟಿಗೆ ಮಾತ್ರ ನೋಡಿದರೆ ಸಾಲದು. ಪೋರ್ಚುಗೀಸರು ಕೊಚ್ಚಿಯಲ್ಲಿದ್ದ ಕಾಲದಲ್ಲಿಯೇ ಸ್ಪೇನಿನವರು ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ನೆಲೆಯೂರಿದರು. 1580ರಿಂದ 1640ರವರೆಗೆ ಇವೆರಡು ರಾಜ್ಯಗಳಿಗೂ ಒಬ್ಬನೇ ದೊರೆ. ಅಲ್ಲಿನ ಭೂತಗಳು ಇಂದು ಜಗತ್ತಿನ ಚಿತ್ರಕಥೆ ಮತ್ತು ಕಾರ್ಟೂನು ಚಿತ್ರಗಳಲ್ಲಿ ಪರಿಚಿತವಾಗಿವೆ. ಹಗಲು ನೆರೆಯವಳಾಗಿದ್ದು ರಾತ್ರಿ ರೂಪ ಬದಲಿಸುವ ಅಸ್ವಾಂಗ್, ಸೊಂಟದಿಂದ ಮೇಲಿನ ದೇಹವನ್ನು ಬೇರ್ಪಡಿಸಿಕೊಂಡು ರೆಕ್ಕೆ ಬಿಚ್ಚಿ ಹಾರಿ ಗರ್ಭಿಣಿಯರ ಮನೆಯ ಮಾಡಿನ ಮೇಲೆ ಕುಳಿತುಕೊಳ್ಳುವ ಮನನಂಗಾಲ್, ಕುದುರೆ ತಲೆಯ ಟಿಕ್‌ಬಾಲಂಗ್, ಹುತ್ತದಂಥ ಮಣ್ಣದಿಬ್ಬದಲ್ಲಿರುವ ನೂನೊ ಮುದುಕ. ಆ ದಿಬ್ಬದ ಬಳಿ ಹಾದುಹೋಗುವವರು 'ತಬಿ ತಬಿ ಪೊ' ಎಂದು ಅಪ್ಪಣೆ ಕೇಳಿ ದಾಟಬೇಕು. ನಾಗಬನದ ಪಕ್ಕದಲ್ಲಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಭೂತಗಳ ಹಳೆಯ ಲಿಖಿತ ದಾಖಲೆಗಳಲ್ಲೊಂದು 1589ರದು. ಫ್ರಾನ್ಸಿಸ್ಕನ್ ಪಾದ್ರಿ ಹುವಾನ್ ದೆ ಪ್ಲಾಸೆನ್ಸಿಯಾ ಟಾಗಲೋಗ್ ಜನರ ಆಚಾರಗಳನ್ನು ಬರೆಯುವಾಗ ಪಿಶಾಚಿಯ ಸೇವಕರೆಂದು ಒಂದು ಪಟ್ಟಿ ಮಾಡಿದನು. ಊರಿನ ಪೂಜಾರಿಗಳು, ಮಾಟಗಾರರು, ಅಸ್ವಾಂಗ್, ದೇಹ ಬೇರ್ಪಡಿಸಿಕೊಳ್ಳುವವರು ಎಲ್ಲರೂ ಅದರಲ್ಲಿ ಒಂದೇ ಸಾಲಿನಲ್ಲಿದ್ದಾರೆ. ದೈವದೊಂದಿಗೆ ಮಾತಾಡುತ್ತಿದ್ದವರೂ ಜನರು ಹೆದರುತ್ತಿದ್ದ ಭೂತವೂ ಹೀಗೆ ಒಂದಾದರು. ಮುಂದಿನ ಶತಮಾನಗಳ ಬರಹದಲ್ಲಿ ಇದರ ಪರಿಣಾಮವಿದೆ. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕಿಂತ ಕ್ರೂರವಾದ ಬಳಕೆಯೂ ನಡೆಯಿತು. 1950ರ ದಶಕದ ಆರಂಭದಲ್ಲಿ ಹುಕ್ ರೈತ ಬಂಡಾಯವನ್ನು ಅಡಗಿಸುವಾಗ, ಸೆರೆಸಿಕ್ಕ ಬಂಡಾಯಗಾರನೊಬ್ಬನ ಕುತ್ತಿಗೆಗೆ ಎರಡು ತೂತು ಮಾಡಿ ನೆತ್ತರು ಹರಿಸಿ, ಅಸ್ವಾಂಗ್ ಕೊಂದುದೆಂದು ತೋರುವಂತೆ ಶವವನ್ನು ದಾರಿಯಲ್ಲಿಟ್ಟರೆಂದು ಅಮೆರಿಕದ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ 1972ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ತಾನೇ ಬರೆದಿದ್ದಾನೆ. ಭೂತದ ಕಥೆ ಯಾರ ಕೈಯಲ್ಲಿದೆ ಎಂಬುದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ.

ಅಲ್ಲಿನ ಪರಿಸ್ಥಿತಿ ಬದಲಾದುದು ಹೇಗೆ? ಮಾಕ್ಸಿಮೋ ರಾಮೋಸ್ 1971ರಲ್ಲಿ ಪ್ರಕಟಿಸಿದ ಫಿಲಿಪ್ಪೀನ್ಸಿನ ಕೆಳಸ್ತರದ ಪುರಾಣಜೀವಿಗಳ ಅಧ್ಯಯನವು ಈ ಭೂತಗಳನ್ನು ಪಾದ್ರಿಯ ಪಟ್ಟಿಯಿಂದ ಬಿಡಿಸಿ ಜನರ ನಂಬಿಕೆಯ ವ್ಯವಸ್ಥೆಯೊಳಗೆ ಇರಿಸಿ ನೋಡಿತು. ಅದರ ನಂತರದ ತಲೆಮಾರಿನವರಾದ ಬಜೆಟ್ ಟಾನ್ ಮತ್ತು ಕಾಜೊ ಬಾಲ್ಡಿಸಿಮೊ 2005ರಲ್ಲಿ 'ಟ್ರೆಸೆ' ಎಂಬ ಚಿತ್ರಕಥಾಮಾಲೆಯನ್ನು ಆರಂಭಿಸಿದರು. 2021ರಲ್ಲಿ ಅದು ನೆಟ್‌ಫ್ಲಿಕ್ಸ್‌ನಲ್ಲಿ ಕಾರ್ಟೂನು ಸರಣಿಯಾಗಿಯೂ ಬಂದಿತು. ಇದರ ನಾಯಕಿ ಅಲೆಕ್ಸಾಂಡ್ರಾ ಟ್ರೆಸೆ ಸ್ವತಂತ್ರ ಕಲ್ಪನೆಯ ಪಾತ್ರ, ಹಳೆಯ ಪುರಾಣದಲ್ಲಿ ಅವಳಿಲ್ಲ. ಮನಿಲಾ ನಗರದಲ್ಲಿ ಮನುಷ್ಯರಿಗೂ ಭೂತಗಳಿಗೂ ನಡುವೆ ಇರುವ ಒಪ್ಪಂದಗಳನ್ನು ಕಾಯುವುದು ಅವಳ ಕೆಲಸ. ಹುತ್ತದ ನೂನೊ ಈಗ ರಸ್ತೆಯ ಮೋರಿಗುಂಡಿಯಲ್ಲಿದ್ದಾನೆ; ಅವನಿಂದ ಸುದ್ದಿ ಬೇಕಾದರೆ ಕಾಣಿಕೆ ಕೊಡಬೇಕು. ನೆಲ ಬದಲಾಗಿದೆ, ವೇಷ ಬದಲಾಗಿದೆ. ಕೊಟ್ಟ ಮಾತು, ಕೊಡಬೇಕಾದ ಕಾಣಿಕೆ, ಮೀರಿದರೆ ಬರುವ ಕೇಡು ಹಾಗೆಯೇ ಉಳಿದಿವೆ. ಹೊಸ ಪಾತ್ರವನ್ನು ಹುಟ್ಟಿಸುವುದಕ್ಕೆ ಋಣವನ್ನು ಅಳಿಸಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕೇರಳಕ್ಕೆ ಮರಳೋಣ. ಮನನಂಗಾಲ್‌ಗೆ ಹತ್ತಿರದವಳಾಗಿ ಇಲ್ಲಿ ಇರುವವಳು ಯಕ್ಷಿ. ಕಾಕ್ಕನಾಡಿನ ಪೂರ್ವಕ್ಕೆ, ಅದೇ ಜಿಲ್ಲೆಯಲ್ಲಿ, ಕತ್ತನಾರ್ ಎಂಬ ಮಾಂತ್ರಿಕ ಪಾದ್ರಿಯ ಕಥೆಗೆ ನೆಲೆಯಾದ ಕಡಮಟ್ಟಂ ಇಗರ್ಜಿಯಿದೆ. 'ಐತಿಹ್ಯಮಾಲೆ'ಯಲ್ಲಿ ಕತ್ತನಾರ್ ದಾರಿಹೋಕರ ನೆತ್ತರು ಹೀರುತ್ತಿದ್ದ ಯಕ್ಷಿಯೊಬ್ಬಳ ನೆತ್ತಿಗೆ ಕಬ್ಬಿಣದ ಮೊಳೆ ಹೊಡೆದು ವಶಮಾಡಿಕೊಳ್ಳುತ್ತಾನೆ. ಮೊಳೆ ಇರುವವರೆಗೆ ಅವಳು ಕಾಯಂಕುಳಂನ ಒಂದು ಮನೆಯಲ್ಲಿ ಕೆಲಸದವಳು. ತಲೆ ಬಾಚುವಾಗ ಮನೆಯ ಮುದುಕಿ ಮೊಳೆಯನ್ನು ಕಿತ್ತೊಡನೆ ಮಾಯವಾಗುತ್ತಾಳೆ. ಮುಂದೆ ಅವಳು ಒಪ್ಪಂದ ಮಾಡಿಕೊಂಡು ಪನಯನ್ನಾರ್‌ಕಾವಿನಲ್ಲಿ ನೆಲೆಸುತ್ತಾಳೆ. ಕಳ್ಳಿಯಂಕಾಟ್ಟು ನೀಲಿ ಎಂದು ಜನ ಹೇಳುವುದು ಇವಳನ್ನೇ. ಚಾತ್ತನಿಗೆ ಮಂತ್ರದ ಕಟ್ಟು, ಕಾಪ್ಪಿರಿಗೆ ಗೋಡೆಯ ಕಟ್ಟು, ಇವಳಿಗೆ ಮೊಳೆಯ ಕಟ್ಟು; ಮೂವರೂ ಬಿಟ್ಟಿ ದುಡಿದವರು.

ನೀಲಿಯನ್ನು ಹೊಸ ಪಾತ್ರವನ್ನಾಗಿ ಮಾಡಿದವರಲ್ಲಿ ಇಂದಿನವರು ಮೊದಲಿಗರಲ್ಲ. ಸುಮಾರು ಹತ್ತನೆಯ ಶತಮಾನದ ತಮಿಳು ಜೈನಕಾವ್ಯ 'ನೀಲಕೇಶಿ'ಯಲ್ಲಿ ಪಳೈಯನೂರಿನ ನೀಲಿ ಮುನಿಯನ್ನು ಹೆದರಿಸಲು ಹೋಗಿ ತಾನೇ ಶಿಷ್ಯೆಯಾಗಿ, ಪರಮತದ ಪಂಡಿತರನ್ನು ವಾದದಲ್ಲಿ ಸೋಲಿಸುತ್ತಾಳೆ. ಸ್ಮಶಾನದ ಪಿಶಾಚಿಯನ್ನು ತರ್ಕಶಾಸ್ತ್ರದ ವಿದುಷಿಯನ್ನಾಗಿ ಮಾಡಿದ ಆ ಅಜ್ಞಾತ ಕವಿಯ ಧೈರ್ಯ ಇಂದಿನ ಯಾವ ಚಿತ್ರಕಥೆಗಾರನ ಧೈರ್ಯಕ್ಕೂ ಕಡಿಮೆಯಲ್ಲ. ಕನ್ನಡನಾಡಿನಲ್ಲಿಯಾದರೋ 'ಯಕ್ಷಿ' ಎಂದೊಡನೆ ನೆನಪಿಗೆ ಬರುವವರು ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ, ವರಕೊಡುವ ತಾಯಂದಿರು. ಒಂದೇ ಶಬ್ದಕ್ಕೆ ಮಲಯಾಳದಲ್ಲಿ ನೆತ್ತರು ಹೀರುವವಳೆಂಬ ಅರ್ಥ ಬಂದುದಕ್ಕೆ ಅಲ್ಲಿ ಜೈನಧರ್ಮ ಇಳಿಮುಖವಾದುದು ಒಂದು ಕಾರಣವಾಗಿರಬಹುದೆಂಬ ಊಹೆಗೆ ಅವಕಾಶವಿದೆ. ಇದೇ ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನ ಬಳಿಯ ಕಲ್ಲಿಲ್ ಗುಹಾದೇವಾಲಯದಲ್ಲಿ ಜೈನ ಪದ್ಮಾವತಿ ಈಗ ಭಗವತಿಯಾಗಿ ಪೂಜೆಗೊಳ್ಳುತ್ತಿರುವುದು ಈ ಚರ್ಚೆಯಲ್ಲಿ ಉಪಯುಕ್ತವಾದ ಸಂಗತಿ.

2025ರ ಆಗಸ್ಟ್ 28ರಂದು ತೆರೆಕಂಡ 'ಲೋಕಃ' ಚಿತ್ರದಲ್ಲಿ ನೀಲಿ ಬೆಂಗಳೂರಿಗೆ ಬಂದಿದ್ದಾಳೆ. ಡೊಮಿನಿಕ್ ಅರುಣ್ ನಿರ್ದೇಶನದ ಈ ಚಿತ್ರ ಮಲಯಾಳದ ಅತ್ಯಧಿಕ ಗಳಿಕೆಯ ಚಿತ್ರಗಳ ಸಾಲಿಗೆ ಸೇರಿತು. ಬೆಂಗಳೂರಿನ ಹೆಣ್ಣುಮಕ್ಕಳ ಬಗೆಗಿನ ಒಂದು ಸಂಭಾಷಣೆಗೆ ಕನ್ನಡಿಗರಿಂದ ಆಕ್ಷೇಪ ಬಂದು, ನಿರ್ಮಾಪಕರು ಕ್ಷಮೆ ಕೇಳಿದರು. ಆ ಗದ್ದಲದಲ್ಲಿ ಹೆಚ್ಚು ಮುಖ್ಯವಾದ ಅಂಶವೊಂದು ಮರೆಯಾಯಿತು. ಚಂದ್ರಾ ಎಂಬ ಹೆಸರಿನಿಂದ ಬಾಡಿಗೆ ಮನೆಯಲ್ಲಿದ್ದು, ರಾತ್ರಿ ಪಾಳಿಯಲ್ಲಿ ಕಾಫಿ ಅಂಗಡಿಯಲ್ಲಿ ದುಡಿಯುವ ಈ ನೀಲಿಗೆ ಚಿತ್ರ ಕೊಟ್ಟಿರುವ ಪೂರ್ವಕಥೆ ಗಂಡನಿಂದ ಕೊಲೆಯಾದ ಹೆಣ್ಣಿನ ಪ್ರಸಿದ್ಧ ಕಥೆಯಲ್ಲ. ದೇವಾಲಯಕ್ಕೆ ಕಾಲಿಟ್ಟ ಕಾರಣಕ್ಕೆ ರಾಜನ ಭಟರಿಂದ ತನ್ನವರನ್ನು ಕಳೆದುಕೊಂಡ ಬುಡಕಟ್ಟಿನ ಬಾಲಕಿಯ ಕಥೆ. ಐತಿಹ್ಯದಲ್ಲಿ ಇದಕ್ಕೆ ಆಧಾರವಿಲ್ಲವೆಂದು ಹೇಳಿದವರಿದ್ದರು. ನಿಜ. ಆದರೆ ಮೊಳೆಯ ಕಥೆಯನ್ನು ಬರೆದಿಟ್ಟವರಿಗೆ ಇದು ಕಾಣುತ್ತಿರಲಿಲ್ಲವೆಂಬುದೂ ನಿಜ. ತೊಂಬತ್ತರ ದಶಕದಲ್ಲಿ ಮೋಹಿನಿಯನ್ನು ದೂರವಿಡಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡಿದ್ದ ಊರು, ದುಡಿಯಲು ಬಂದ ಯಕ್ಷಿಗೆ ಈಗ ಬಾಡಿಗೆ ಮನೆ ಕೊಟ್ಟಿದೆ.

ಕನ್ನಡದ 'ಕಾಂತಾರ' (2022) ಇದಕ್ಕಿಂತ ಭಿನ್ನ. ಅದರ ಕಥೆಯೇ ಋಣದ ಕಥೆ: ದೈವಕ್ಕೆ ಕೊಟ್ಟ ಮಾತಿನಂತೆ ಜನರಿಗೆ ಬಿಟ್ಟುಕೊಟ್ಟ ನೆಲವನ್ನು ಅರಸನ ವಂಶಸ್ಥರು ಮರಳಿ ಕೇಳುವುದು. ಪಾಡ್ದನಗಳ ಲೋಕಕ್ಕೆ ಇದು ಅಪರಿಚಿತವಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿಯ ಕೈಕಾಲು ಕಡಿಸಿದ ಅರಸ, ಒಂದೇ ಕೈಯಿಂದ ವೇಣೂರಿನ ಮೂರ್ತಿಯನ್ನು ಕೆತ್ತಿದ ಕಲ್ಕುಡ, ಅಣ್ಣನ ಸೇಡಿಗೆ ನಿಂತ ತಂಗಿ ಕಲ್ಲುರ್ಟಿ ತುಳುನಾಡಿನಲ್ಲಿ ಇಂದಿಗೂ ಕೋಲ ಪಡೆಯುವ ದೈವಗಳ ಕಥೆಯಲ್ಲಿದ್ದಾರೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. 172 ವರ್ಷಗಳ ಈ ಅಂತರವನ್ನು ತೋರಿಸಿ ಪಾಡ್ದನವನ್ನು ತಳ್ಳಿಹಾಕಿದವರಿದ್ದಾರೆ. ಶಾಸನವು ಕಟ್ಟಿಸಿದವರ ಹೆಸರನ್ನು ಉಳಿಸಿತು, ಪಾಡ್ದನವು ಕೆತ್ತಿದವನ ಗಾಯವನ್ನು ಉಳಿಸಿತು. ಕಾಲಗಣನೆ ಅದರ ಉದ್ದೇಶವಾಗಿರಲಿಲ್ಲ. 'ಕಾಂತಾರ'ದ ಬೆನ್ನಿಗೆ, 2022ರ ಅಕ್ಟೋಬರ್‌ನಲ್ಲಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಯ ಮಾಸಾಶನವನ್ನು ಕರ್ನಾಟಕ ಸರಕಾರ ಘೋಷಿಸಿತು. ಪಾಠವು ಪಾತ್ರಿಯ ಕಡೆಯಿಂದ ಬಂದಾಗ ಪಾತ್ರಿಯೂ ಕಣ್ಣಿಗೆ ಬೀಳುತ್ತಾನೆ.

ಕೊನೆಯದಾಗಿ ಮತ್ತೆ ಚಾತ್ತನ್. 2024ರ ಫೆಬ್ರವರಿಯಲ್ಲಿ ಬಂದ ರಾಹುಲ್ ಸದಾಶಿವನ್ ಅವರ ಕಪ್ಪುಬಿಳುಪಿನ 'ಭ್ರಮಯುಗಂ' ಚಿತ್ರವು 1984ರ ಮುಗ್ಧ ಬಾಲಕನನ್ನು ಕೈಬಿಟ್ಟು ಹದಿನೇಳನೆಯ ಶತಮಾನಕ್ಕೆ ಹೋಗುತ್ತದೆ. ಪಾಳುಬಿದ್ದ ಮನೆಯೊಂದಕ್ಕೆ ಬಂದ ಪಾಣ ಜಾತಿಯ ಹಾಡುಗಾರ ತೇವನ್ ಅಲ್ಲಿಯೇ ಸೆರೆಯಾಗುತ್ತಾನೆ. ಯಜಮಾನ ಪೋಟ್ಟಿಯ ರೂಪದಲ್ಲಿರುವವನು ಒಂದು ಕಾಲದಲ್ಲಿ ಅದೇ ಮನೆಯಲ್ಲಿ ಕಟ್ಟಿಹಾಕಲ್ಪಟ್ಟಿದ್ದ ಚಾತ್ತನ್. ಆಳು ಯಜಮಾನನ ಪೀಠವನ್ನು ಏರಿದ್ದಾನೆ, ಪೀಠ ಮಾತ್ರ ಬದಲಾಗಿಲ್ಲ. ಚಿತ್ರದ ಕೊನೆಯಲ್ಲಿ ಪೋರ್ಚುಗೀಸ್ ಸೈನಿಕರು ಕಾಣಿಸಿಕೊಳ್ಳುತ್ತಾರೆ. ಕಾಳಕಾಟ್ಟಿನ ಹುಡುಗನೂ ಮಟ್ಟಾಂಚೇರಿಯ ಕಾಪ್ಪಿರಿಯೂ ಒಂದೇ ಇತಿಹಾಸದವರೆಂಬುದನ್ನು ಇಷ್ಟು ಹತ್ತಿರ ತಂದ ಇನ್ನೊಂದು ಚಿತ್ರವನ್ನು ನಾವು ನೋಡಿಲ್ಲ.

ಚಿತ್ರ ತೆರೆಕಾಣುವ ಮುನ್ನ ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯಕ್ಕೆ ಒಂದು ಅರ್ಜಿ ಬಂದಿತ್ತು. ಮಮ್ಮೂಟ್ಟಿಯವರು ಅಭಿನಯಿಸಿದ ಪಾತ್ರಕ್ಕೆ ಕುಂಜಮಣ್ ಪೋಟ್ಟಿ ಎಂಬ ಹೆಸರಿಟ್ಟಿದ್ದರಿಂದ, 'ಐತಿಹ್ಯಮಾಲೆ'ಯಲ್ಲಿ ಉಲ್ಲೇಖಗೊಂಡ ತಮ್ಮ ಮನೆತನದ ಮಾನಕ್ಕೆ ಕುಂದುಂಟಾಗುವುದೆಂದು ಕೋಟ್ಟಯಂ ಜಿಲ್ಲೆಯ ಒಂದು ಇಲ್ಲದವರು ದೂರಿದ್ದರು. ನಿರ್ಮಾಪಕರು ಹೆಸರನ್ನು ಕೊಡುಮಣ್ ಪೋಟ್ಟಿ ಎಂದು ಬದಲಿಸಿದರು. ಗ್ರಂಥದಲ್ಲಿ ಹೆಸರಿದ್ದ ಮನೆತನಕ್ಕೆ ಅರ್ಜಿ ಹಾಕಲು ಆಧಾರವಿತ್ತು. 'ಬರೋಸ್' ತೆರೆಕಂಡುದು ಅದೇ ವರ್ಷದ ಕೊನೆಯಲ್ಲಿ. ಕಾಪ್ಪಿರಿಗೆ ಗ್ರಂಥವಿಲ್ಲ, ಮನೆತನವಿಲ್ಲ, ಅವನ ತಾಯಿ ಇಟ್ಟ ಹೆಸರೂ ಉಳಿದಿಲ್ಲ. ಮಙ್ಙಾಟ್ಟುಮುಕ್ಕಿನ ಗುಡಿಯಲ್ಲಿ ಚುಟ್ಟಾ ಹಚ್ಚಿಡುವವರು ಮಾತ್ರ ಇದ್ದಾರೆ.